‘ಕನ್ನಡಂಗಳ’ ಊರಿನಿಂದ ಇಂಗ್ಲಿಷ್‌ಗಳನ್ನು ನೋಡಿದಾಗ

2025ರ ಮೇ 20ರಂದು ಬಾನು ಮುಷ್ತಾಕ್ ಅವರ 12 ಕತೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅದುವರೆಗೆ ಇಂಗ್ಲಿಷ್ ಕತೆಯೆಂದರೆ ಪರೀಕ್ಷೆಗಾಗಿ ಓದುವ ಪಾಠ ಎಂದಷ್ಟೇ ತಿಳಿದಿದ್ದ ಅನೇಕರು ಆ ಪುಸ್ತಕವನ್ನು ಕೈಗೆತ್ತಿಕೊಂಡರು. ಕೊಪ್ಪಳದಲ್ಲಿ ಪದವಿ ತರಗತಿಗೆ ಇಂಗ್ಲಿಷ್ ಹೇಳಿಕೊಡುವ ನನ್ನ ಬಳಿಗೂ ಒಬ್ಬ ವಿದ್ಯಾರ್ಥಿನಿ ಅದನ್ನು ಹಿಡಿದುಕೊಂಡು ಬಂದಳು. “ಸರ್, ಇದರಾಗ ನಮ್ಮ ಶಬ್ದ ಹಂಗಂಗs ಅದಾವ. ಎಷ್ಟೋ ವಾಕ್ಯ ನಾವು ಮಾತಾಡಿದಂಗ ಅದಾವ. ನಾವು ಹಿಂಗ ಬರದ್ರ ನೀವು ಕೆಂಪು ಪೆನ್ನಿಲೆ ಗೀಟು ಹೊಡೀತೀರಿ. ಇದಕ್ಕ ಹೆಂಗ ಪ್ರಶಸ್ತಿ ಕೊಟ್ಟಾರ್ರಿ?” ಎಂಬುದು ಅವಳ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದು. ಅನುವಾದಕಿ ದೀಪಾ ಭಾಸ್ತಿ ತಾವು ಬೇಕೆಂದೇ ಹಾಗೆ ಮಾಡಿದ್ದೇವೆಂದೂ ಕನ್ನಡದ ಉಚ್ಚಾರಣೆಯ ಛಾಯೆ ಇಂಗ್ಲಿಷಿನಲ್ಲಿ ಉಳಿಯುವಂತೆ ಅನುವಾದಿಸಿದ್ದೇವೆಂದೂ ಹೇಳಿದ್ದಾರೆ. ತೀರ್ಪುಗಾರರ ಮುಖ್ಯಸ್ಥರಾಗಿದ್ದ ಮ್ಯಾಕ್ಸ್ ಪೋರ್ಟರ್ ಈ ಅನುವಾದವನ್ನು ಮೆಚ್ಚುತ್ತ ‘ಇಂಗ್ಲಿಷ್‌ಗಳ ಬಹುತ್ವ’ ಎಂಬ ಮಾತನ್ನು ಬಳಸಿದರು. ಇಂಗ್ಲಿಷ್ ಎಂಬ ಒಂದು ಭಾಷೆಗೆ ಬಹುವಚನ ಹೇಗೆ ಬಂತು, ಮತ್ತು ಒಂದು ದೇಶ ತನ್ನನ್ನು ತಾನು ಗುರುತಿಸಿಕೊಳ್ಳುವ ಬಗೆಗೂ ಅದಕ್ಕೂ ಏನು ನಂಟು ಎಂಬುದನ್ನು ಬುಡದಿಂದ ನೋಡಿದರೆ ಮಾತ್ರ ಅವಳ ಪ್ರಶ್ನೆಗೆ ಉತ್ತರ ಸಿಕ್ಕೀತು.

ತಪ್ಪು ಯಾವುದು, ಪ್ರಭೇದ ಯಾವುದು

ಭಾಷೆಯ ಹೆಸರಿಗೆ ಬಹುವಚನ ಹಚ್ಚುವುದು ಕನ್ನಡಿಗರಿಗೆ ಹೊಸದೇನಲ್ಲ. 9ನೇ ಶತಮಾನದ ‘ಕವಿರಾಜಮಾರ್ಗ’ವು ‘ಕನ್ನಡಂಗಳ್’ ಎಂದೇ ಹೇಳುತ್ತದೆ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಈ ಕನ್ನಡಗಳಲ್ಲಿ ದೋಷ ಇಷ್ಟೇ ಎಂದು ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎಂದು ಅದು ಕೈಚೆಲ್ಲುತ್ತದೆ. ಹಾಗೆಂದು ಅದು ಎಲ್ಲ ಕನ್ನಡಗಳನ್ನೂ ಸಮಾನವಾಗಿ ಕಂಡಿತೆಂದಲ್ಲ. ಕಿಸುವೊಳಲು, ಕೊಪಣನಗರ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನ ನುಡಿಯೇ ‘ಕನ್ನಡದ ತಿರುಳ್’ ಎಂದು ಅದೇ ಗ್ರಂಥ ಸಾರುತ್ತದೆ. ಆ ಕೊಪಣನಗರವೇ ಇಂದಿನ ಕೊಪ್ಪಳ. ಒಂದು ಕಾಲಕ್ಕೆ ತಿರುಳೆನಿಸಿದ್ದ ಊರಿನ ಹುಡುಗರು ಇಂದು ಬೆಂಗಳೂರಿನ ಸಂದರ್ಶನಕ್ಕೆ ಹೋದಾಗ ತಮ್ಮ ಮಾತನ್ನು ಅಡಗಿಸಿಕೊಳ್ಳುತ್ತಾರೆಂದರೆ, ಶಿಷ್ಟ ಭಾಷೆಯೆಂಬುದು ಭಾಷೆಯೊಳಗಿನ ಗುಣವಲ್ಲ, ಅಧಿಕಾರ ಎಲ್ಲಿ ಕುಳಿತಿದೆಯೋ ಅಲ್ಲಿಗೆ ಸರಿಯುವಂಥದ್ದು ಎಂಬುದು ಅರ್ಥವಾಗುತ್ತದೆ.

ಭಾಷಾವಿಜ್ಞಾನಿಗಳು ‘ಪ್ರಭೇದ’ ಎನ್ನುವುದು ಒಂದು ಪ್ರದೇಶದವರೋ ಒಂದು ಸಮುದಾಯದವರೋ ಒಂದೇ ಕ್ರಮದಲ್ಲಿ ಬಳಸುವ ಭಾಷೆಯ ರೂಪವನ್ನು. ಅದಕ್ಕೂ ತಪ್ಪಿಗೂ ಇರುವ ಅಂತರವನ್ನು ನಮ್ಮ ಮಾತಿನಿಂದಲೇ ತಿಳಿಯಬಹುದು. ಮೈಸೂರಿನವರು ‘ಹೋಗ್ತಾ ಇದೀನಿ’ ಎಂದರೆ ನಾವು ‘ಹೋಗಾಕತ್ತೀನಿ’ ಎನ್ನುತ್ತೇವೆ. ಹೊರಗಿನವರಿಗೆ ಇದು ಅಡ್ಡಾದಿಡ್ಡಿಯಾಗಿ ಕೇಳಿಸಬಹುದು. ಆದರೆ ‘ನಾನು’ ಎಂದು ತೊಡಗಿ ‘ಹೋಗಾಕತ್ತೀವಿ’ ಎಂದು ಮುಗಿಸಿದರೆ ಕೊಪ್ಪಳದ ಎರಡನೆಯ ತರಗತಿಯ ಮಗುವೂ ನಗುತ್ತದೆ. ಅಂದರೆ ಇಲ್ಲಿ ನಿಯಮವಿದೆ, ಆ ನಿಯಮವನ್ನು ಕಾಯುವ ಜನರಿದ್ದಾರೆ. ಒಬ್ಬನ ಬಾಯಿ ತಡವರಿಸಿದರೆ ಅದು ತಪ್ಪು. ಒಂದು ಸೀಮೆಯೇ ಒಂದೇ ಬಗೆಯಲ್ಲಿ ನುಡಿದು ಅದನ್ನೇ ಮಕ್ಕಳಿಗೂ ದಾಟಿಸಿದರೆ ಅದು ಪ್ರಭೇದ.

ಇದರ ಜೊತೆಗೆ ಇನ್ನೆರಡು ಮಾತುಗಳು ಮುಂದೆ ಬೇಕಾಗುತ್ತವೆ. ರಾಯಚೂರಿನ ಹತ್ತಿ ಮಾರುಕಟ್ಟೆಗೆ ಒಬ್ಬರ ಮಾತು ಒಬ್ಬರಿಗೆ ತಿಳಿಯದ ನಾಲ್ಕು ಸೀಮೆಯ ವ್ಯಾಪಾರಿಗಳು ಬಂದರೆಂದು ಊಹಿಸಿ. ದರ, ತೂಕ, ಗಾಡಿ ಬಾಡಿಗೆಗಳ ಮಟ್ಟಿಗೆ ಅವರು ಹೊಂದಿಸಿಕೊಳ್ಳುವ, ಯಾರ ಮನೆಮಾತೂ ಅಲ್ಲದ ಮೊಟಕು ನುಡಿಗೆ ಪಿಜಿನ್ ಎನ್ನುತ್ತಾರೆ. ಅವರು ಅಲ್ಲೇ ನೆಲೆಸಿ, ಅವರ ಮಕ್ಕಳು ಆ ಮೊಟಕು ನುಡಿಯನ್ನೇ ತೊಟ್ಟಿಲ ಮಾತಾಗಿ ಕಲಿತು ಬೆಳೆಸಿದರೆ ಅದು ಕ್ರಿಯೋಲ್. ಪಶ್ಚಿಮ ಆಫ್ರಿಕಾದಲ್ಲಿಯೂ ಕೆರಿಬಿಯನ್ ದ್ವೀಪಗಳಲ್ಲಿಯೂ ಇಂಗ್ಲಿಷ್ ಈ ಎರಡೂ ರೂಪಗಳನ್ನು ತಾಳಿದೆ. ಗುಲಾಮರಾಗಿ ಸಾಗಿಸಲ್ಪಟ್ಟವರು ಕಬ್ಬಿನ ತೋಟಗಳಲ್ಲಿ ಕಟ್ಟಿಕೊಂಡ ನುಡಿಗಳು ಅವುಗಳಲ್ಲಿ ಸೇರಿವೆ.

ದಂಡಿನೊಡನೆ ಬಂದು ಮನೆಯದಾದ ಮಾತು

ಹೊರಗಿನ ಭಾಷೆ ಒಳಗಿನದಾಗುವುದನ್ನು ಕಾಣಲು ಆಫ್ರಿಕಾದವರೆಗೂ ಹೋಗಬೇಕಿಲ್ಲ. ದಖ್ಖನಿ ನಮ್ಮ ಓಣಿಯಲ್ಲೇ ಇದೆ. 14ನೇ ಶತಮಾನದಲ್ಲಿ ದೆಹಲಿಯ ದಂಡುಗಳೊಡನೆ ತೆಂಕಣಕ್ಕಿಳಿದ ನುಡಿ ಮರಾಠಿ, ಕನ್ನಡ, ತೆಲುಗುಗಳ ಸಹವಾಸದಲ್ಲಿ ಬೇರೆಯದೇ ಆಯಿತು. ‘ಬೇಡ’ ಎನ್ನುವುದಕ್ಕೆ ರಾಯಚೂರಿನಲ್ಲಿ ದಿನವೂ ಕೇಳುವ ‘ನಕ್ಕೋ’ ಮರಾಠಿಯ ಕೊಡುಗೆ. ಉತ್ತರದವರು ಈ ಮಾತನ್ನು ಕೇಳಿ ನಗುವುದುಂಟು. ಆದರೆ ದಖ್ಖನಿನಿಂದ ಹೋದ ಕವಿ ವಲಿಯ ಕಾವ್ಯವನ್ನು 18ನೇ ಶತಮಾನದ ಆರಂಭದಲ್ಲಿ ಕೇಳಿದ ಮೇಲೆಯೇ, ಪಾರಸಿಯಲ್ಲಿ ಬರೆಯುತ್ತಿದ್ದ ದೆಹಲಿಯ ಕವಿಗಳು ಉರ್ದುವಿನಲ್ಲಿ ಹುರುಪಿನಿಂದ ಬರೆಯತೊಡಗಿದರೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ.

ಇಂಗ್ಲಿಷ್ ಬಳ್ಳಾರಿ, ರಾಯಚೂರು, ಕೊಪ್ಪಳ ಎಂಬ ನಮ್ಮ ಮೂರು ಜಿಲ್ಲೆಗಳಿಗೆ ಒಂದೇ ದಾರಿಯಿಂದ ಬರಲಿಲ್ಲ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಅಲ್ಲಿ ಕಂದಾಯದ ಲೆಕ್ಕ ಹಾಕಿದ. 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕುಳಿತು ಬೈಬಲ್ಲನ್ನು ಕನ್ನಡಕ್ಕೆ ತಂದ. ಹೀಗೆ ಬಳ್ಳಾರಿ ಮದರಾಸು ಪ್ರಾಂತದ ಇಂಗ್ಲಿಷ್ ಕಚೇರಿಗಳ ನೆರಳಿನಲ್ಲಿ ಬೆಳೆಯಿತು. ನಿಜಾಮನ ಆಳ್ವಿಕೆಯ ರಾಯಚೂರು ಕೊಪ್ಪಳಗಳಲ್ಲಿಯಾದರೋ ಆಳುವವರ ಭಾಷೆ ಉರ್ದುವಾಗಿತ್ತು. ಇಲ್ಲಿನ ಅಜ್ಜಂದಿರಿಗೆ ‘ಸರ್ಕಾರಿ ಮಾತು’ ಎಂದರೆ ಇಂಗ್ಲಿಷ್ ಅಲ್ಲ. ಎರಡು ಬಗೆಯ ಆಳ್ವಿಕೆ ಕಂಡ ಈ ಸೀಮೆ ಭಾಷೆಯ ಮೇಲಾಟಗಳನ್ನು ತಿಳಿಯಲು ಒಳ್ಳೆಯ ಪಾಠಶಾಲೆ ಎಂದು ನನಗೆ ಅನ್ನಿಸುತ್ತದೆ.

‘ಓನ್ಲಿ’ ಎಲ್ಲಿಂದ ಬಂತು

‘ಅವನು ನಿನ್ನೆಯೇ ಬಂದ’ ಎಂಬುದನ್ನು ನಮ್ಮವರು ‘ಯೆಸ್ಟರ್‌ಡೇ ಓನ್ಲಿ ಹಿ ಕೇಮ್’ ಎನ್ನುತ್ತಾರೆ. ಲಂಡನ್ನಿನವರಿಗೆ ಇದರಲ್ಲಿ ‘ಓನ್ಲಿ’ ಏಕಿದೆಯೆಂಬುದೇ ತಿಳಿಯುವುದಿಲ್ಲ. ನಮಗೆ ತಿಳಿಯುತ್ತದೆ, ಏಕೆಂದರೆ ಅದು ಇಂಗ್ಲಿಷಿನ ಅಂಗಿ ತೊಟ್ಟ ಕನ್ನಡದ ‘ಏ’ ಪ್ರತ್ಯಯ. ಹಿಂದಿಯಲ್ಲಿ ‘ಹೀ’ ಎಂಬ ಅವ್ಯಯ ಇದೇ ಕೆಲಸ ಮಾಡುತ್ತದೆ. ದೇಶದ ಹಲವು ಭಾಷೆಗಳಲ್ಲಿ ಇಂಥದೊಂದು ಒತ್ತಿನ ಪ್ರತ್ಯಯ ಇರುವುದರಿಂದ ಈ ‘ಓನ್ಲಿ’ ಒಂದು ರಾಜ್ಯಕ್ಕೆ ಸೀಮಿತವಾಗದೆ ಭಾರತದ ಇಂಗ್ಲಿಷಿನ ಗುರುತೇ ಆಗಿದೆ. ವಗ್ಗರಣಿಯ ಜೊತೆ ‘ಬಿಸಿ ಬಿಸಿ ಮಿರ್ಚಿ’ ಕೇಳುವ ನಾಲಗೆ ಇಂಗ್ಲಿಷಿನಲ್ಲಿಯೂ ‘ಹಾಟ್ ಹಾಟ್’ ಎಂದು ಇಮ್ಮಡಿಸುತ್ತದೆ. ದಿನಾಂಕವನ್ನು ಹಿಂದಕ್ಕೆ ತರುವುದಕ್ಕೆ ‘ಪೋಸ್ಟ್‌ಪೋನ್’ಗೆ ಎದುರಾಗಿ ಇಲ್ಲಿ ಬೇರೂರಿದ ‘ಪ್ರಿಪೋನ್’ ಇಂದು ಆಕ್ಸ್‌ಫರ್ಡ್ ನಿಘಂಟಿನಲ್ಲಿದೆ. ‘ಸಾಹೇಬರು ಔಟ್ ಆಫ್ ಸ್ಟೇಷನ್’ ಎಂದಾಗಲಂತೂ ಬಳ್ಳಾರಿಯಂಥ ದಂಡಿನ ಊರುಗಳನ್ನು ‘ಸ್ಟೇಷನ್’ ಎಂದು ಕರೆಯುತ್ತಿದ್ದ ಕಂಪನಿಯ ಕಾಲವೇ ನಮ್ಮ ಬಾಯಲ್ಲಿ ಉಳಿದಿರುತ್ತದೆ. ಆ ಬಳಕೆ ಅದರ ತವರಿನಲ್ಲಿ ಸವೆದುಹೋಗಿದೆ.

ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಚ್ರು 1985ರಲ್ಲಿ ಇಂಗ್ಲಿಷಿನ ಲೋಕವನ್ನು ಮೂರು ವೃತ್ತಗಳಾಗಿ ವಿವರಿಸಿದರು. ಬ್ರಿಟನ್, ಅಮೆರಿಕದಂಥ ಮನೆಮಾತಿನ ದೇಶಗಳು ಒಳವೃತ್ತ. ಭಾರತ, ನೈಜೀರಿಯಾ, ಸಿಂಗಪುರದಂತೆ ವಸಾಹತು ಆಳ್ವಿಕೆಯ ಮೂಲಕ ಇಂಗ್ಲಿಷ್ ಬಂದು ಎರಡನೆಯ ಭಾಷೆಯಾಗಿ ನಿಂತ ದೇಶಗಳು ಹೊರವೃತ್ತ. ಜಪಾನ್, ಚೀನಾಗಳಂತೆ ಅದನ್ನು ವಿದೇಶಿ ಭಾಷೆಯಾಗಿ ಕಲಿಯುವವು ಹಿಗ್ಗುತ್ತಿರುವ ವೃತ್ತ. ಹೊರವೃತ್ತದವರು ಒಳವೃತ್ತದ ನಿಯಮವನ್ನು ಅರೆಬರೆಯಾಗಿ ಕಲಿತವರಲ್ಲ, ತಮ್ಮದೇ ನಿಯಮಗಳನ್ನು ಕಟ್ಟಿಕೊಂಡವರು ಎಂಬುದು ಕಚ್ರು ಅವರ ವಾದದ ತಿರುಳು.

ಮೂಲೆಮನೆ ಮೂರ್ತಿ ಮತ್ತು ತಂದೆಯ ಕಣ್ಣು

ಮಾತಿನಲ್ಲಿದ್ದುದು ಸಾಹಿತ್ಯಕ್ಕೆ ಬಂದಾಗ ಬಿಕ್ಕಟ್ಟು ತೊಡಗುತ್ತದೆ. ವಸಾಹತೋತ್ತರ ಸಾಹಿತ್ಯ ಎಂದರೆ ಯುರೋಪಿನವರು ಆಳಿದ ನಾಡುಗಳ ಬರಹಗಾರರು ಆ ಆಳ್ವಿಕೆಯ ಅನುಭವವನ್ನೂ ಅದು ಬಿಟ್ಟುಹೋದ ಗಾಯ ಗೊಂದಲಗಳನ್ನೂ ಎದುರಿಸಿ ಬರೆದ ಸಾಹಿತ್ಯ. ಆಳಿದವರ ಭಾಷೆಯಲ್ಲಿಯೇ ಆಳಿಸಿಕೊಂಡವರ ಬದುಕನ್ನು ಹೇಳಬೇಕಾದಾಗ ಆ ಭಾಷೆ ಕಾಲಿಗೆ ಕಚ್ಚುವ ಹೊಸ ಕೆರವಿನಂತಾಗುತ್ತದೆ.

ಈ ಇಕ್ಕಟ್ಟನ್ನು ಬಹಳ ಮೊದಲೇ ಬಿಡಿಸಿ ಹೇಳಿದವರು ಹಾಸನದಲ್ಲಿ ಹುಟ್ಟಿದ ರಾಜಾ ರಾವ್. (ಬಾನು ಮುಷ್ತಾಕ್ ಅವರದೂ ಹಾಸನವೇ ಎಂಬುದು ಕಾಕತಾಳೀಯ.) 1938ರಲ್ಲಿ ಪ್ರಕಟವಾದ ‘ಕಾಂತಾಪುರ’ದ ಮುನ್ನುಡಿಯಲ್ಲಿ ಅವರು, ತನ್ನದಲ್ಲದ ಭಾಷೆಯಲ್ಲಿ ತನ್ನದಾದ ಚೇತನವನ್ನು ತಿಳಿಸಬೇಕಾಗಿದೆಯೆಂದೂ ನಾವು ಇಂಗ್ಲಿಷರಂತೆ ಬರೆಯಲಾರೆವು, ಬರೆಯಲೂಬಾರದು ಎಂದೂ ಹೇಳಿ, ಐರಿಷ್ ಮತ್ತು ಅಮೆರಿಕನ್ ಇಂಗ್ಲಿಷ್‌ಗಳಂತೆ ನಮ್ಮದೂ ಒಂದು ದಿನ ತನ್ನದೇ ಬಣ್ಣದ ಪ್ರಭೇದವಾದೀತು ಎಂದು ನುಡಿದರು. ಗಾಂಧೀಜಿಯ ಚಳವಳಿ ಕನ್ನಡದ ಒಂದು ಹಳ್ಳಿಯನ್ನು ಹೊಕ್ಕ ಕತೆಯನ್ನು ಅಲ್ಲಿ ಅಚ್ಚಕ್ಕ ಎಂಬ ಮುದುಕಿ ಸ್ಥಳಪುರಾಣದ ಧಾಟಿಯಲ್ಲಿ ಹೇಳುತ್ತಾಳೆ. ಅವಳ ವಾಕ್ಯಗಳು ಜಗಲಿಯ ಮೇಲೆ ಕುಳಿತು ಹೇಳುವ ಕತೆಯಂತೆ ‘ಮತ್ತೆ, ಮತ್ತೆ’ ಎನ್ನುತ್ತ ನಿಲುಗಡೆಯಿಲ್ಲದೆ ಸಾಗುತ್ತವೆ. ಪಾತ್ರಗಳ ಹೆಸರನ್ನೇ ನೋಡಿ: ‘ಕಾರ್ನರ್ ಹೌಸ್ ಮೂರ್ತಿ’, ‘ವಾಟರ್‌ಫಾಲ್ ವೆಂಕಮ್ಮ’. ಇಂಗ್ಲಿಷ್ ಓದುಗನಿಗೆ ಇದು ವಿಚಿತ್ರ ಅಲಂಕಾರ. ಮೂಲಿಮನಿ ಎಂಬ ಅಡ್ಡಹೆಸರಿನವರನ್ನು ದಿನವೂ ಮಾತಾಡಿಸುವ ನಮಗೆ ಮೂಲೆಮನೆಯ ಮೂರ್ತಿಯಲ್ಲಿ ಅಲಂಕಾರವೇ ಕಾಣುವುದಿಲ್ಲ. ಊರಲ್ಲಿ ಜನರನ್ನು ಗುರುತಿಸುವ ಮಾಮೂಲು ರೀತಿ ಅದು. ಕಾದಂಬರಿಯ ಇಂಗ್ಲಿಷ್ ಬಾಗಿರುವುದು ಅಂದಕ್ಕಾಗಿ ಅಲ್ಲ, ಆ ಊರಿನ ಲೋಕಕ್ರಮವನ್ನು ಹಿಡಿಯುವುದಕ್ಕಾಗಿ.

ನೈಜೀರಿಯಾದ ಚಿನುವಾ ಅಚಿಬೆ ಇದನ್ನೇ ಒಂದು ಪ್ರಯೋಗದ ಮೂಲಕ ತೋರಿಸಿದರು. ಅವರ ‘ಆ್ಯರೋ ಆಫ್ ಗಾಡ್’ ಕಾದಂಬರಿಯಲ್ಲಿ (1964) ಒಬ್ಬ ಪೂಜಾರಿ ತನ್ನ ಮಗನನ್ನು ಬಿಳಿಯರ ಇಗರ್ಜಿಗೆ ಕಳಿಸುತ್ತಾನೆ. ಅಲ್ಲಿ ನನ್ನ ಕಣ್ಣಾಗಿರು, ಏನಿಲ್ಲದಿದ್ದರೆ ಮರಳಿ ಬಾ, ಏನಾದರೂ ಇದ್ದರೆ ನನ್ನ ಪಾಲು ಮನೆಗೆ ತಾ. ಲೋಕವೆಂಬುದು ಕುಣಿಯುವ ವೇಷದಂತೆ, ಚೆನ್ನಾಗಿ ನೋಡಬೇಕೆಂದರೆ ಒಂದೇ ಕಡೆ ನಿಲ್ಲಬಾರದು ಎಂಬರ್ಥದ ಮಾತು ಅವನದು. ಅಚಿಬೆ ಅದನ್ನೇ ಶಿಷ್ಟ ಇಂಗ್ಲಿಷಿಗೆ ತಿರುಗಿಸಿ ಪಕ್ಕದಲ್ಲಿಟ್ಟರು: ‘ಹೊಸ ಧರ್ಮ ಬೆಳೆದರೆ ಇರಲಿ ಎಂದು ನಿನ್ನನ್ನು ನನ್ನ ಪ್ರತಿನಿಧಿಯಾಗಿ ಕಳಿಸುತ್ತಿದ್ದೇನೆ, ಕಾಲಕ್ಕೆ ತಕ್ಕಂತೆ ನಡೆಯಬೇಕು.’ ಅರ್ಥ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಎರಡನೆಯದರಲ್ಲಿ ಮಾತಾಡುತ್ತಿರುವವನು ಪೂಜಾರಿಯಲ್ಲ, ಯಾವುದೋ ಕಚೇರಿಯ ಗುಮಾಸ್ತ. ಇಂಗ್ಲಿಷ್ ತಮ್ಮ ಆಫ್ರಿಕದ ಅನುಭವದ ಭಾರವನ್ನು ಹೊರಬಲ್ಲದು, ಆದರೆ ಅದು ತವರಿನೊಡನೆ ನಂಟು ಕಡಿಯದೆಯೇ ಹೊಸ ಪರಿಸರಕ್ಕೆ ಮಾರ್ಪಟ್ಟ ಹೊಸ ಇಂಗ್ಲಿಷ್ ಆಗಿರಬೇಕು ಎಂಬುದು ಅಚಿಬೆಯವರ ನಿಲುವಾಗಿತ್ತು.

ಎಲ್ಲರೂ ಅಚಿಬೆಯಷ್ಟು ಹದವಾಗಿ ಬಗ್ಗಿಸಲಿಲ್ಲ. ಅವರಿಗಿಂತ ಮೊದಲೇ, 1952ರಲ್ಲಿ, ನೈಜೀರಿಯಾದವರೇ ಆದ ಏಮಸ್ ಟುಟುವೋಲಾ ಅವರ ‘ಪಾಮ್ ವೈನ್ ಡ್ರಿಂಕರ್ಡ್’ ಲಂಡನ್ನಿನಲ್ಲಿ ಅಚ್ಚಾದಾಗ ಅಲ್ಲಿನವರು ಅದರ ಕಟ್ಟಿಲ್ಲದ ಇಂಗ್ಲಿಷನ್ನು ಕೊಂಡಾಡಿದರೆ, ವಿದ್ಯಾವಂತ ನೈಜೀರಿಯನ್ನರಲ್ಲಿ ಹಲವರಿಗೆ ನಾಚಿಕೆಯಾಯಿತು. ನಮ್ಮನ್ನು ಅರೆಬರೆ ಕಲಿತವರೆಂದು ಜಗತ್ತು ತಿಳಿದೀತು ಎಂಬ ಅಂಜಿಕೆ ಅವರದು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಯ ಬೇರೂ ಇಲ್ಲಿಯೇ ಇದೆ. 1985ರಲ್ಲಿ ಕೆನ್ ಸಾರೋ ವೀವಾ ಪಿಜಿನ್ ಬೆರೆತ ಮಾತಿನಲ್ಲಿ ಒಬ್ಬ ಎಳೆಯ ಸಿಪಾಯಿಯ ಕತೆ ‘ಸೋಜಾಬಾಯ್’ ಬರೆದು, ಅದು ‘ಕೊಳೆತ ಇಂಗ್ಲಿಷಿನ ಕಾದಂಬರಿ’ ಎಂದು ತಾವೇ ಮುಖಪುಟದಲ್ಲಿ ಹಾಕಿಸಿದರು. ಮೂದಲಿಕೆಯ ಮಾತು ಅಲ್ಲಿ ಬಿರುದಾಯಿತು.

ಕಬ್ಬಿನ ಗದ್ದೆಯ ಮೇಲೆ ಬಿದ್ದ ಹಿಮ

ಬಾರ್ಬಡೋಸಿನ ಕವಿ ಕಮಾವ್ ಬ್ರಾತ್‌ವೇಟ್ ಒಂದು ಮರೆಯಲಾಗದ ಉದಾಹರಣೆ ಕೊಡುತ್ತಾರೆ. ಇಂಗ್ಲೆಂಡಿನ ಪಾಠಗಳನ್ನೇ ಓದಿ ಬೆಳೆದ ಕೆರಿಬಿಯನ್ ಮಕ್ಕಳು ತಮ್ಮ ಪ್ರಬಂಧದಲ್ಲಿ ಕಬ್ಬಿನ ಗದ್ದೆಗಳ ಮೇಲೆ ಹಿಮ ಬೀಳುತ್ತಿತ್ತು ಎಂದು ಬರೆಯುತ್ತಿದ್ದರಂತೆ. ಅವರು ಕಂಡದ್ದು ಬಿರುಗಾಳಿ, ಕಲಿತದ್ದು ಹಿಮ. ಮಳೆಗಾಗಿ ತಲೆಯ ಮೇಲೆ ಗುರ್ಜಿ ಹೊತ್ತು ಮನೆಮನೆಗೆ ತಿರುಗುವ ನಾಡಿನಲ್ಲಿ ‘ರೇನ್ ರೇನ್ ಗೋ ಅವೇ’ ಹಾಡುವ ನಮ್ಮ ಶಿಶುವಿಹಾರಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿರುಗಾಳಿ ಇಂಗ್ಲಿಷ್ ಛಂದಸ್ಸಿನ ಐದು ಗಣಗಳ ಸಾಲಿನಲ್ಲಿ ಮೊರೆಯುವುದಿಲ್ಲ ಎಂದ ಬ್ರಾತ್‌ವೇಟ್, ದ್ವೀಪಗಳ ಜನ ನಿಜವಾಗಿ ಆಡುವ ಇಂಗ್ಲಿಷಿಗೆ ‘ಉಪಭಾಷೆ’ ಎಂಬ ಕೀಳು ಸೋಂಕಿದ ಹೆಸರು ಬೇಡವೆಂದು ‘ನೇಷನ್ ಲ್ಯಾಂಗ್ವೇಜ್’, ಅಂದರೆ ನಾಡನುಡಿ, ಎಂಬ ಹೆಸರಿಟ್ಟರು. ರಾಷ್ಟ್ರದ ಗುರುತು ಹೀಗೆ ಆ ನುಡಿಯ ಹೆಸರಿನಲ್ಲೇ ಸೇರಿತು.

ಬೇಡವೆಂದವರು

ಈ ದಾರಿಯನ್ನೇ ಒಪ್ಪದವರೂ ಇದ್ದಾರೆ. ಎಷ್ಟೇ ಬಗ್ಗಿಸಿದರೂ ಇಂಗ್ಲಿಷ್ ಇಂಗ್ಲಿಷೇ. ಅದರಲ್ಲಿ ಬರೆದಷ್ಟೂ ಆಫ್ರಿಕದ ಭಾಷೆಗಳು ಬಡವಾಗುತ್ತವೆ ಎಂದವರು ಕೆನ್ಯಾದ ಗೂಗಿ ವಾ ಥಿಯೊಂಗೊ. ತಾಯ್ನುಡಿ ಗಿಕುಯು ಆಡಿದ ಮಕ್ಕಳಿಗೆ ‘ನಾನು ಕತ್ತೆ’ ಎಂಬಂಥ ಫಲಕವನ್ನು ಕೊರಳಿಗೆ ತೂಗುಹಾಕುತ್ತಿದ್ದ ಶಾಲೆಯ ದಿನಗಳನ್ನು ಅವರು ಬರೆದಿದ್ದಾರೆ. ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿದ ಮಕ್ಕಳು ನಮ್ಮ ಊರುಗಳಲ್ಲಿಯೂ ಉಂಟು. ಇಂಗ್ಲಿಷಿನಲ್ಲಿ ಕಾದಂಬರಿಗಳನ್ನು ಬರೆದು ಹೆಸರಾಗಿದ್ದ ಗೂಗಿ 1977ರಲ್ಲಿ ಊರವರೊಡನೆ ಸೇರಿ ಗಿಕುಯುವಿನಲ್ಲಿ ನಾಟಕ ಆಡಿಸಿದರು. ಅದೇ ವರ್ಷದ ಕೊನೆಯಲ್ಲಿ ಸರ್ಕಾರ ಅವರನ್ನು ಬಂಧಿಸಿತು. ಸೆರೆಮನೆಯಲ್ಲಿ ಶೌಚದ ಕಾಗದದ ಮೇಲೆ ಅವರು ಗಿಕುಯುವಿನಲ್ಲೇ ಒಂದು ಕಾದಂಬರಿ ಬರೆದರು. ನಾಟಕ ಹೊಲದಲ್ಲಿ ದುಡಿಯುವವರಿಗೂ ಅರ್ಥವಾದದ್ದೇ ಸರ್ಕಾರಕ್ಕೆ ತೊಡಕಾಯಿತು ಎಂಬ ಅಂಶವನ್ನು ಇಂಗ್ಲಿಷ್ ಪರ ವಾದಿಸುವವರು ಸುಲಭವಾಗಿ ದಾಟಿಹೋಗಲಾರರು. ಗೂಗಿ ತೀರಿಕೊಂಡದ್ದು 2025ರ ಮೇ 28ರಂದು, ‘ಹಾರ್ಟ್ ಲ್ಯಾಂಪ್’ಗೆ ಪ್ರಶಸ್ತಿ ಬಂದ ಎಂಟು ದಿನಗಳ ಮೇಲೆ.

ರಾಷ್ಟ್ರಕ್ಕೂ ಇದಕ್ಕೂ ಏನು ನಂಟು

ಬ್ರಿಟನ್ನಿನಿಂದ ಬಿಡಿಸಿಕೊಂಡ ಅಮೆರಿಕ ತನ್ನ ಕಾಗುಣಿತವನ್ನೂ ಬಿಡಿಸಿಕೊಂಡಿತು. ನೋವಾ ವೆಬ್‌ಸ್ಟರ್ 1828ರ ನಿಘಂಟಿನಲ್ಲಿ ‘ಕಲರ್’, ‘ಆನರ್’ ಶಬ್ದಗಳಿಂದ ಒಂದು ಅಕ್ಷರ ತೆಗೆದದ್ದು ಶಾಯಿ ಉಳಿಸುವುದಕ್ಕಾಗಿ ಅಲ್ಲ, ನಾವು ಬೇರೆ ಎಂದು ತೋರಿಸುವುದಕ್ಕಾಗಿ. 2014ರ ನವೆಂಬರ್ 1ರಂದು ಕರ್ನಾಟಕದ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿ ಕನ್ನಡದ ಉಚ್ಚಾರಣೆಗೆ ತಂದು, ಬ್ರಿಟಿಷರ ನಾಲಗೆಯ ‘ಬೆಲ್ಲಾರಿ’ಯನ್ನು ‘ಬಳ್ಳಾರಿ’ ಮಾಡಿದಾಗಲೂ ಇದೇ ತರ್ಕ ಕೆಲಸ ಮಾಡಿತು.

ಭಾರತದ ಸಂಗತಿ ಇನ್ನಷ್ಟು ಸಿಕ್ಕಾಗಿದೆ. ಕೇಂದ್ರದ ಆಡಳಿತ ಭಾಷೆಯಾಗಿ ಉಳಿಯಲು ಸಂವಿಧಾನ ಇಂಗ್ಲಿಷಿಗೆ ಕೊಟ್ಟದ್ದು 15 ವರ್ಷಗಳ ಅವಧಿ ಮಾತ್ರ. ಹಿಂದಿಯೊಂದೇ ಉಳಿದೀತೆಂಬ ಆತಂಕ ದಕ್ಷಿಣದಲ್ಲಿ ಎದ್ದದ್ದರಿಂದ 1963ರ ಅಧಿಕೃತ ಭಾಷಾ ಕಾಯ್ದೆ ಅದನ್ನು 1965ರ ಆಚೆಗೂ ಉಳಿಸಿತು. ಯಾರ ಮನೆಯದೂ ಅಲ್ಲದ್ದರಿಂದ ಜಗಳವೂ ಇಲ್ಲ ಎಂಬ ಲೆಕ್ಕ ಇದರ ಹಿಂದಿತ್ತು. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಇಂಗ್ಲಿಷ್ ಇಲ್ಲ. ಆದರೆ ಸಾಹಿತ್ಯ ಅಕಾಡೆಮಿ ಮನ್ನಿಸುವ 24 ಭಾಷೆಗಳಲ್ಲಿ ಅದಿದೆ, 1960ರಲ್ಲಿಯೇ ಆರ್. ಕೆ. ನಾರಾಯಣ್ ಅವರ ‘ದಿ ಗೈಡ್’ ಕಾದಂಬರಿಗೆ ಅದರ ಪ್ರಶಸ್ತಿ ಸಂದಿದೆ. ಸಿಂಗಪುರದಲ್ಲಿ ಸರ್ಕಾರ 2000ದಲ್ಲಿ ‘ಒಳ್ಳೆಯ ಇಂಗ್ಲಿಷ್ ಮಾತಾಡಿ’ ಎಂಬ ಚಳವಳಿಯನ್ನೇ ಹೂಡಿದರೂ, ವಾಕ್ಯದ ತುದಿಗೆ ‘ಲಾ’ ಸೇರಿಸುವ ಸಿಂಗ್ಲಿಷನ್ನು ಜನ ತಮ್ಮ ಗುರುತೆಂದು ಬಿಟ್ಟುಕೊಟ್ಟಿಲ್ಲ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಇಂಗ್ಲಿಷನ್ನು ಬೇಕೆಂದೇ ಬಗ್ಗಿಸಿ ಬರೆಯುವ ಸ್ವಾತಂತ್ರ್ಯ ಅದನ್ನು ಮೊದಲೇ ಚೆನ್ನಾಗಿ ಬಲ್ಲವರಿಗೆ ಸಿಗುವಷ್ಟು ಸುಲಭವಾಗಿ ಸರ್ಕಾರಿ ಶಾಲೆಯಿಂದ ಬಂದ ಹುಡುಗಿಗೆ ಸಿಗುವುದಿಲ್ಲ. ಅದೇ ವಾಕ್ಯ ಲೇಖಕರ ಪುಸ್ತಕದಲ್ಲಿದ್ದರೆ ಶೈಲಿ, ಅವಳ ಅರ್ಜಿಯಲ್ಲಿದ್ದರೆ ಕೊರತೆ ಎನಿಸಿಕೊಳ್ಳುತ್ತದೆ.

ಓರೆ ಅಕ್ಷರವೂ ಸೋದರಮಾವನೂ

ಇಂಗ್ಲಿಷ್ ಪುಸ್ತಕಗಳಲ್ಲಿ ಬೇರೆ ಭಾಷೆಯ ಪದ ಬಂದರೆ ಅದನ್ನು ಓರೆ ಅಕ್ಷರದಲ್ಲಿ ಅಚ್ಚುಹಾಕಿ, ಕೆಳಗೆ ಅರ್ಥ ಕೊಡುವ ವಾಡಿಕೆಯಿದೆ. ಹಾಗೆ ಮಾಡಿದಾಗ ಆ ಪದ ಮನೆಯ ಹೊರಗೆ ನಿಂತ ಪರಕೀಯನಂತೆ ಕಾಣುತ್ತದೆ ಎಂಬುದು ‘ಹಾರ್ಟ್ ಲ್ಯಾಂಪ್’ ಅನುವಾದಕಿಯ ಆಕ್ಷೇಪ. ಅವರು ಓರೆ ಅಕ್ಷರವನ್ನೂ ಅಡಿಟಿಪ್ಪಣಿಯನ್ನೂ ಬಿಟ್ಟರು.

ಇದನ್ನೆಲ್ಲ ಹೇಳಿದ ಮೇಲೆ ತರಗತಿಗೆ ಒಂದು ವಾಕ್ಯ ಕೊಟ್ಟು ಇಂಗ್ಲಿಷ್ ಮಾಡಿರೆಂದೆ: “ಆಕಿನ್ನ ಸ್ವಾದರಮಾವಗs ಕೊಟ್ಟಾರ್ರಿ.” ಮೊದಲನೆಯವನು ‘ಶಿ ಮ್ಯಾರೀಡ್ ಹರ್ ಅಂಕಲ್’ ಎಂದು ಬರೆದ. ವ್ಯಾಕರಣ ಸರಿ, ಆದರೆ ಇಂಗ್ಲೆಂಡಿನ ಓದುಗ ಇದನ್ನು ಅಪರಾಧದ ಸುದ್ದಿಯೆಂದು ಓದುತ್ತಾನೆ. ಅಲ್ಲಿ ಅಂಕಲ್ ಎಂದರೆ ಚಿಕ್ಕಪ್ಪನೂ ಹೌದು, ಮಾವನೂ ಹೌದು. ಜೊತೆಗೆ ‘ಕೊಟ್ಟಾರ’ ಎಂಬುದರಲ್ಲಿದ್ದ ಹಿರಿಯರ ಕೈ ಮಾಯವಾಗಿ ಮದುವೆ ಅವಳ ಸ್ವಂತ ತೀರ್ಮಾನವಾಗಿಬಿಟ್ಟಿತು. ಎರಡನೆಯವಳು ‘ತಾಯಿಯ ತಮ್ಮ’ ಎಂದು ಬಿಡಿಸಿ ಬರೆದಳು. ಸಂಬಂಧ ಸ್ಪಷ್ಟವಾಯಿತು, ಆದರೆ ವಾಕ್ಯ ಪಡಿತರ ಚೀಟಿಯಂತಾಯಿತು. ಮೂರನೆಯವನು ‘ದೇ ಗೇವ್ ಹರ್ ಟು ಹರ್ ಸೋದರಮಾವ’ ಎಂದು ಕನ್ನಡ ಪದವನ್ನೇ ಉಳಿಸಿದಾಗ, ಓದುವವರಿಗೆ ಹೇಗೆ ತಿಳಿಯಬೇಕೆಂದು ಯಾರೋ ತಕರಾರು ತೆಗೆದರು. “‘ಪಾರ್ಸನೇಜ್’ ಅಂದ್ರೇನಂತ ನಾವು ಡಿಕ್ಷನರಿ ನೋಡಿಲ್ಲೇನು? ಅವ್ರೂ ನೋಡ್ಲಿ” ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು.

ಪುಸ್ತಕ ತಂದಿದ್ದ ಹುಡುಗಿ ಎದ್ದುಬಂದು ಮೂರನೆಯ ವಾಕ್ಯದ ಕೊನೆಗೆ ‘ಓನ್ಲಿ’ ಎಂದು ಸೇರಿಸಿದಳು. ‘ಮಾವಗs’ ಎಂದು ಎಳೆದು ಹೇಳಿದ ಒತ್ತು ಉಳಿದ ಮೂವರಲ್ಲೂ ಬಿಟ್ಟುಹೋಗಿತ್ತು. ಪರೀಕ್ಷೆಯಲ್ಲಿ ಹೀಗೆ ಬರೆದರೆ ಅಂಕ ಸಿಗುವುದಿಲ್ಲವೆಂದು ನಾನು ಹೇಳಿದೆ. ಅದು ತನಗೆ ಗೊತ್ತಿದೆ ಎಂದಳು.